ಕಟ್ ಆಗುತ್ತಿದ್ದ ಬ್ಯಾಟರಿ ರಿಪೇರಿ ಮಾಡಿಸಿದೆ, ಮೂರನೇ ರಾತ್ರಿ ಮನೆಯಲ್ಲಿ ಬೆಂಕಿ ಬಿತ್ತು

ಹಳೆ ಸೈಕಲ್ಲಿಗೆ ಮೋಟರ್ ಕೂಡಿಸಿ ಎಲೆಕ್ಟ್ರಿಕ್ ಮಾಡಿಕೊಂಡವರು, ಮಾಡಿಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಅಂಗಡಿಯಲ್ಲಿ ಕಟ್ಟಿಸಿದ ಲಿಥಿಯಂ ಪ್ಯಾಕನ್ನು (ಸಣ್ಣ ಸೆಲ್ಲುಗಳನ್ನು ಜೋಡಿಸಿ ಕಟ್ಟಿದ ಬ್ಯಾಟರಿ) ಮನೆಯೊಳಗೆ ಚಾರ್ಜ್ ಮಾಡುವವರು ಓದಲೇಬೇಕು. ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದು. ಅಪ್ಪನ ಬಲಗೈ ಮುಷ್ಟಿ ಇನ್ನೂ ಪೂರ್ತಿ ಮುಚ್ಚುವುದಿಲ್ಲ.

ನಮ್ಮದು ವಿಜಯಪುರ. ತೊರವಿ ಕಡೆ ಸ್ವಲ್ಪ ಹೊಲ ಇದೆ, ಅಪ್ಪ ದಿನಾ ಸೈಕಲ್ ಮೇಲೇ ಹೋಗಿಬರುತ್ತಿದ್ದರು. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಎದುರುಗಾಳಿಗೆ ತುಳಿಯೋದು ಕಷ್ಟವಾಯಿತು. ಸ್ಕೂಟರ್ ಒಲ್ಲೆ ಅಂದರು. ನಮ್ಮ ಕಡೆ ಸೈಕಲ್ ಮೇಲಿನ ಪ್ರೀತಿಯೇ ಬೇರೆ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ದೇಶಮಟ್ಟದಲ್ಲಿ ಪದಕ ತಂದವರಲ್ವಾ. ಹಾಗಾಗಿ ಅಪ್ಪನ ಸೈಕಲ್ಲಿಗೇ 48 ವೋಲ್ಟ್, 350 ವ್ಯಾಟಿನ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ ಮೋಟರ್) ಕಿಟ್ ತರಿಸಿದೆ. ಹಿಂದಿನ ಚಕ್ರ, ಕಂಟ್ರೋಲರ್ (ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಡಬ್ಬಿ), ಥ್ರಾಟಲ್ (ವೇಗ ಏರಿಸುವ ಹಿಡಿ), ಬ್ರೇಕ್ ಲಿವರ್ ಎಲ್ಲವನ್ನೂ ನಾನೇ ಜೋಡಿಸಿದೆ. ಮೊದಲು 12 ವೋಲ್ಟಿನ ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳನ್ನು ಸೀರೀಸ್ ಮಾಡಿ, ಅಂದರೆ ವೋಲ್ಟ್ ಕೂಡುವ ಹಾಗೆ ಒಂದರ ಹಿಂದೆ ಒಂದು ಜೋಡಿಸಿ, ಕ್ಯಾರಿಯರ್ ಮೇಲೆ ಕಟ್ಟಿದ್ದೆ. ಚೆನ್ನಾಗಿ ಓಡುತ್ತಿತ್ತು. ಆದರೆ ಬ್ಯಾಟರಿಗಳದ್ದೇ ಹದಿನಾರು ಕೆಜಿ ಭಾರ, ಅಪ್ಪನಿಗೆ ಸ್ಟ್ಯಾಂಡ್ ಹಾಕೋಕೇ ಆಗುತ್ತಿರಲಿಲ್ಲ. ಅದಕ್ಕೇ ಲಿಥಿಯಂ ಹುಡುಕಲು ಹೊರಟೆ.

ಊರಲ್ಲೇ ಬ್ಯಾಟರಿ ಕಟ್ಟಿಕೊಡುವ ಒಬ್ಬರು ಸಿಕ್ಕರು. ಅಂಗಡಿಯ ಹೆಸರು ಬರೆಯುವುದಿಲ್ಲ. ನೀಲಿ ಪ್ಲಾಸ್ಟಿಕ್ ಸುತ್ತಿದ ಪ್ಯಾಕ್, ಮೇಲೆ 48 ವೋಲ್ಟ್ 20 ಎಎಚ್ (ಆಂಪಿಯರ್ ಅವರ್, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಸ್ಟಿಕ್ಕರ್, 8,500 ರೂಪಾಯಿ. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮನೆಯಲ್ಲಿರುವ ಹಳೆ ಲೆಡ್ ಆಸಿಡ್ ಚಾರ್ಜರ್ ನಡೆಯುತ್ತದಾ ಅಂತ ಮಾತ್ರ ಕೇಳಿದೆ. "ಅದೂ ನಲವತ್ತೆಂಟು, ಇದೂ ನಲವತ್ತೆಂಟು. ಏನೂ ಆಗಂಗಿಲ್ರಿ ಸರ" ಅಂದರು. ನಂಬಿದೆ.

ಒಂದು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಏರಿನಲ್ಲಿ ಥ್ರಾಟಲ್ ತಿರುವಿದ ಕೂಡಲೇ ಟಪ್ ಅಂತ ಎಲ್ಲಾ ಆಫ್ ಆಗಲು ಶುರುವಾಯಿತು. ಒಂದು ನಿಮಿಷ ಬಿಟ್ಟು ಕೀ ತಿರುವಿದರೆ ಮತ್ತೆ ಆನ್. ಅಪ್ಪ ಎರಡು ಸಲ ನಡುದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬಂದರು. ಪ್ಯಾಕ್ ತಗೊಂಡು ಅಂಗಡಿಗೆ ಹೋದೆ. "ಬಿಎಮ್‌ಎಸ್ ವೀಕ್ ಐತ್ರಿ" ಅಂದು ಒಳಗೆ ಒಯ್ದರು. ಅದು ಪ್ಯಾಕಿನೊಳಗಿನ ರಕ್ಷಣಾ ಬೋರ್ಡ್. ಹತ್ತೇ ನಿಮಿಷ, ಇನ್ನೂರು ರೂಪಾಯಿ. ಆ ದಿನದಿಂದ ಒಮ್ಮೆಯೂ ಕಟ್ ಆಗಲಿಲ್ಲ. ಅಪ್ಪನಿಗೂ ಖುಷಿ, ನನಗೂ ಖುಷಿ.

ಒಂದು ಬದಲಾವಣೆ ನನ್ನ ಕಣ್ಣಿಗೆ ಬಿದ್ದಿತ್ತು. ಮೊದಲೆಲ್ಲ ನಾಲ್ಕು ತಾಸು ಆಗುವಷ್ಟರಲ್ಲಿ ಚಾರ್ಜರಿನ ದೀಪ ಹಸಿರಾಗುತ್ತಿತ್ತು. ರಿಪೇರಿ ಆದ ಮೇಲೆ ಹಸಿರಾಗಲೇ ಇಲ್ಲ. ಮೊದಲ ದಿನ ಸಂಜೆ ಆರಕ್ಕೆ ಹಾಕಿ ಹತ್ತಕ್ಕೆ ತೆಗೆದೆ, ಇನ್ನೂ ಕೆಂಪು. ಎರಡನೇ ದಿನವೂ ಕೆಂಪೇ. ಪ್ಯಾಕ್ ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಬೇಸಿಗೆ, ಹೊರಗೆ ನಲವತ್ತು ಡಿಗ್ರಿ, ಅದಕ್ಕೇ ಇರಬಹುದು ಅಂದುಕೊಂಡೆ. ಮೂರನೇ ದಿನ ರಾತ್ರಿ ಚಾರ್ಜಿಗೆ ಹಾಕಿ ಮಲಗಿಬಿಟ್ಟೆ.

ಸುಮಾರು ಎರಡು ಗಂಟೆಗೆ ಅವ್ವ ಎಬ್ಬಿಸಿದಳು. "ಏನೋ ನೇಲ್ ಪಾಲಿಶ್ ವಾಸನಿ ಬರಾಕತ್ತದಲ್ಲೋ" ಅಂದಳು. ಸೈಕಲ್ ಇದ್ದದ್ದು ಪಡಸಾಲೆಯಲ್ಲಿ, ಮುಂಬಾಗಿಲ ಪಕ್ಕ. ಲೈಟ್ ಹಾಕಿದೆ. ನೀಲಿ ಪ್ಲಾಸ್ಟಿಕ್ ಒಂದು ಕಡೆ ಉಬ್ಬಿ, ಅಲ್ಲಿಂದ ಬೂದು ಹೊಗೆ ಸೂಸುತ್ತಿತ್ತು. ಕುಕ್ಕರ್ ಸೀಟಿಗೆ ಮೊದಲು ಬರುವಂಥ ಬುಸ್ ಅನ್ನುವ ಸಪ್ಪಳ. ನಾನು ಪ್ಲಗ್ ಕಿತ್ತೆ. ಅಷ್ಟರಲ್ಲಿ ಅಪ್ಪ ಪ್ಯಾಕನ್ನೇ ಎತ್ತಿ ಹೊರಗೆ ಒಗೆಯಲು ಹೋದರು. ಕೈ ಹಾಕಿದ ಕ್ಷಣಕ್ಕೆ ಮೊದಲ ಸೆಲ್ ಸಿಡಿಯಿತು. ಆಮೇಲೆ ಪಟಾಕಿ ಸರದ ಹಾಗೆ ಒಂದರ ಹಿಂದೆ ಒಂದು. ಉರಿಯುವ ಸೆಲ್ ಒಂದು ಹಾರಿ ಹಾಸಿಗೆ ಮೇಲೆ ಬಿತ್ತು. ಮುಂಬಾಗಿಲಿಗೆ ಹೋಗಲು ದಾರಿಯೇ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಎಲ್ಲರೂ ಹೊರಗೆ ಬಂದೆವು. ಹಿತ್ತಲ ಬಾಗಿಲು ಇಲ್ಲದ ಮನೆಯಾಗಿದ್ದರೆ ಅಂತ ಈಗಲೂ ರಾತ್ರಿ ಎಚ್ಚರವಾದಾಗ ನೆನಪಾಗುತ್ತದೆ.

ಮೊದಲು ಉಸುಕು ಹಾಕಿದೆವು. ಉರಿ ಅಡಗಿದ ಹಾಗೆ ಕಂಡು ಮತ್ತೆ ಎದ್ದಿತು. ಈ ಸೆಲ್‌ಗಳ ಬೆಂಕಿಯನ್ನು ಗಾಳಿ ತಡೆದು ಆರಿಸೋಕೆ ಆಗುವುದಿಲ್ಲ. ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲನ್ನು ಹೊತ್ತಿಸುತ್ತಾ ಹೋಗುತ್ತದೆ, ಅದಕ್ಕೆ ಬೇಕಾದದ್ದು ತಂಪು. ಮೇನ್ ಸ್ವಿಚ್ ಆಫ್ ಮಾಡಿ, ಪೈಪಿನಿಂದ ದೂರದಿಂದಲೇ ನೀರು ಬಿಟ್ಟ ಮೇಲೆ ಹತೋಟಿಗೆ ಬಂತು. ಬೆಳಗಿನ ಜಾವ ಅಂಗಳದಲ್ಲಿ ಹಾಕಿದ್ದ ಚೂರುಗಳೇ ಮತ್ತೊಮ್ಮೆ ಹೊತ್ತಿಕೊಂಡವು. ನಿಮಗೆ ಇಂಥದ್ದು ಬರುವುದೇ ಬೇಡ. ಬಂದರೆ ಪ್ಯಾಕ್ ಮುಟ್ಟಬೇಡಿ, ಜನರನ್ನು ಹೊರಗೆ ಕರೆತನ್ನಿ, 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ, ಅದರೊಳಗೆ ನಿಲ್ಲಬೇಡಿ.

ವಾರದ ನಂತರ ಇನ್ವರ್ಟರ್ ರಿಪೇರಿ ಮಾಡುವ ಗೆಳೆಯನೊಬ್ಬನ ಜೊತೆ ಕೂತು ಉಳಿದದ್ದನ್ನು ಬಿಚ್ಚಿದೆ. ಬಿಎಮ್‌ಎಸ್ ಬೋರ್ಡಿನ ಮೈನಸ್ ಒಳಬರುವ ಜಾಗಕ್ಕೂ ಹೊರಹೋಗುವ ಜಾಗಕ್ಕೂ ಒಂದು ದಪ್ಪ ತಂತಿ ಬೆಸೆದಿದ್ದರು. ಅದೇ ಆ ಹತ್ತು ನಿಮಿಷದ ರಿಪೇರಿ. ಬಿಎಮ್‌ಎಸ್ ಅಂದರೆ ಪ್ಯಾಕಿನ ಕಾವಲುಗಾರ. ಯಾವುದೇ ಸೆಲ್ ಜಾಸ್ತಿ ತುಂಬಿದರೆ, ಜಾಸ್ತಿ ಬರಿದಾದರೆ, ಕರೆಂಟ್ ಮಿತಿ ಮೀರಿದರೆ ಅದು ಕಟ್ ಮಾಡುತ್ತದೆ. ತಂತಿ ಹಾಕಿದ ಮೇಲೆ ಬೋರ್ಡ್ ಸುಮ್ನೆ ಇರುತ್ತದೆ, ಕರೆಂಟೆಲ್ಲ ಪಕ್ಕದಿಂದ ಹೋಗುತ್ತದೆ.

ಈಗ ಚಾರ್ಜರಿನ ಮಾತು. ಇದು ಬಹಳ ಜನರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಪ್ಯಾಕಿನಲ್ಲಿದ್ದದ್ದು 13 ಸೀರೀಸ್ ಲಿಥಿಯಂ ಅಯಾನ್. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, 13ಕ್ಕೆ 54.6. ಚಾರ್ಜರ್ ಕೊಡಬೇಕಾದದ್ದು ಅಷ್ಟೇ. 48 ವೋಲ್ಟಿನ ಲೆಡ್ ಆಸಿಡ್ ಚಾರ್ಜರ್ 58-59 ವೋಲ್ಟ್ ತನಕ ಹೋಗುತ್ತದೆ. ನಮ್ಮದನ್ನು ಮಲ್ಟಿಮೀಟರ್ ಹಿಡಿದು ನೋಡಿದಾಗ 58.8 ತೋರಿಸಿತು. ಅಂದರೆ ಸೆಲ್ಲಿಗೆ ಸುಮಾರು 4.5 ವೋಲ್ಟ್. ಇನ್ನೊಂದು ಜಾತಿಯ ಲಿಥಿಯಂ ಇದೆ, ಲಿಥಿಯಂ ಐರನ್ ಫಾಸ್ಫೇಟ್ ಅಂದರೆ ಎಲ್‌ಎಫ್‌ಪಿ. ಅದರ 16 ಸೀರೀಸ್ ಪ್ಯಾಕ್ ತುಂಬಿದಾಗ 58.4 ವೋಲ್ಟ್. ಈ ಮೂರನ್ನೂ ಅಂಗಡಿಯಲ್ಲಿ 48 ವೋಲ್ಟ್ ಅಂತಲೇ ಮಾರುತ್ತಾರೆ. ಮೊದಲ ತಿಂಗಳು ಇದೇ ತಪ್ಪು ಚಾರ್ಜರಿನಲ್ಲಿ ನಾವು ಉಳಿದದ್ದು ಬಿಎಮ್‌ಎಸ್‌ನಿಂದ. ಸೆಲ್ ತುಂಬಿದ ಕೂಡಲೇ ಅದು ಕಟ್ ಮಾಡುತ್ತಿತ್ತು, ಆಗ ದೀಪ ಹಸಿರಾಗುತ್ತಿತ್ತು. ಕಾವಲು ತೆಗೆದ ಮೇಲೆ ಕೆಂಪು ದೀಪವೇ ಉಳಿಯಿತು.

ಹಾಗಾದರೆ ಏರಿನಲ್ಲಿ ಕಟ್ ಆಗುತ್ತಿದ್ದದ್ದು ಯಾಕೆ? ಸೆಲ್‌ಗಳನ್ನು ನೋಡಿದಾಗ ಗೊತ್ತಾಯಿತು. ಸುಡದೆ ಉಳಿದವುಗಳಲ್ಲಿ ಕೆಲವು ಗುಲಾಬಿ, ಕೆಲವು ಹಸಿರು, ಕೆಲವು ನೀಲಿ. ಹಳೆ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಕಿತ್ತವು. ಒಟ್ಟು 78 ಸೆಲ್, ಅಂದರೆ 13 ಗುಂಪು, ಒಂದೊಂದು ಗುಂಪಿನಲ್ಲಿ ಆರು ಸೆಲ್ ಅಕ್ಕಪಕ್ಕ (ಪ್ಯಾರಲಲ್). ಹೊಸ ಸೆಲ್ ಅಂತಲೇ ಹಿಡಿದು ಒಂದೊಂದಕ್ಕೆ 2 ಎಎಚ್ ಲೆಕ್ಕ ಹಾಕಿದರೂ 12 ಎಎಚ್ ಆಯಿತು, ಸ್ಟಿಕ್ಕರ್ ಮೇಲೆ 20. ಕಂಟ್ರೋಲರ್ 18 ಆಂಪಿಯರ್ ಎಳೆದಾಗ ಸೋತ ಸೆಲ್‌ಗಳ ವೋಲ್ಟೇಜ್ ಕುಸಿಯುತ್ತಿತ್ತು, ಬಿಎಮ್‌ಎಸ್ ಸರಿಯಾಗಿಯೇ ಕಟ್ ಮಾಡುತ್ತಿತ್ತು. ಕೆಟ್ಟಿದ್ದದ್ದು ಸೆಲ್, ಕಾವಲುಗಾರ ಅಲ್ಲ.

ಸೆಲ್‌ಗಳನ್ನು ಜೋಡಿಸಿದ ಪಟ್ಟಿಯೂ ನಿಕ್ಕಲ್ ಅಲ್ಲ. ಒಂದು ಚೂರನ್ನು ಫೈಲಿನಿಂದ ಉಜ್ಜಿ ಉಪ್ಪುನೀರಿನ ಬಟ್ಟಲಲ್ಲಿ ಇಟ್ಟೆ. ಮರುದಿನ ಬೆಳಿಗ್ಗೆ ಉಜ್ಜಿದ ಜಾಗದಲ್ಲಿ ಕಂದು ತುಕ್ಕು, ನೀರೂ ಚಹಾದ ಬಣ್ಣಕ್ಕೆ ತಿರುಗಿತ್ತು. ನಿಕ್ಕಲ್ ಲೇಪನದ ಕಬ್ಬಿಣ. ಕಬ್ಬಿಣ ಕರೆಂಟಿಗೆ ಜಾಸ್ತಿ ತಡೆ ಒಡ್ಡುತ್ತದೆ, ಬಿಸಿಯಾಗುತ್ತದೆ.

ಪ್ಯಾಕ್ ಬಿಚ್ಚದೆಯೇ ಸುಳ್ಳಿನ ಸುಳಿವು ತಕ್ಕಡಿಯಲ್ಲೂ ಸಿಗುತ್ತದೆ. 18650 ಅನ್ನುವ ಸೆಲ್ ಒಂದು ಸುಮಾರು 45 ಗ್ರಾಂ ತೂಗುತ್ತದೆ. 2.5 ಎಎಚ್ ಸೆಲ್‌ಗಳಲ್ಲಿ ನಿಜವಾದ 48 ವೋಲ್ಟ್ 20 ಎಎಚ್ ಕಟ್ಟಬೇಕಾದರೆ 104 ಸೆಲ್ ಬೇಕು. ಬರೀ ಸೆಲ್ಲೇ ನಾಲ್ಕೂವರೆ ಕೆಜಿ ದಾಟುತ್ತದೆ. ನಮ್ಮ ಪ್ಯಾಕ್ ತಂದ ದಿನ ಕಿರಾಣಿ ಅಂಗಡಿಯಲ್ಲಿ ತೂಗಿಸಿದ್ದೆವು, ನಾಲ್ಕು ಕೆಜಿಯೂ ಇರಲಿಲ್ಲ. ಎಷ್ಟು ಹಗುರ ಅಂತ ಅಪ್ಪನಿಗೆ ಸಂತೋಷದಿಂದ ತೋರಿಸಿದ್ದೆ. ಆ ಲೆಕ್ಕ ಅವತ್ತೇ ಗೊತ್ತಿದ್ದರೆ ಪ್ಯಾಕ್ ವಾಪಸ್ ಕೊಟ್ಟು ಬರುತ್ತಿದ್ದೆ.

ಇನ್ನೊಂದು. ಎಳೆತ ಜಾಸ್ತಿ ಬರಲಿ ಅಂತ ಕಂಟ್ರೋಲರಿನ ಶಂಟ್ (ಕರೆಂಟ್ ಅಳೆಯಲು ಇಟ್ಟ ತಂತಿಯ ತುಂಡು) ಮೇಲೆ ಸೋಲ್ಡರ್ ಏರಿಸುವ ಹುಡುಗರಿದ್ದಾರೆ. ಹಾಗೆ ಮಾಡಿದರೆ ಕಂಟ್ರೋಲರಿಗೆ ತಾನು ಎಷ್ಟು ಎಳೆಯುತ್ತಿದ್ದೇನೆ ಅನ್ನುವುದೇ ತಪ್ಪಾಗಿ ಕಾಣುತ್ತದೆ, ಹೊರೆಯೆಲ್ಲ ಬ್ಯಾಟರಿ ಮೇಲೆ ಬೀಳುತ್ತದೆ. ದಯವಿಟ್ಟು ಮಾಡಬೇಡಿ.

ಅಂಗಡಿಗೆ ಹೋಗಿ ಕೇಳಿದೆ. "ನೀವು ಬ್ಯಾರೆ ಚಾರ್ಜರ್ ಹಚ್ಚೀರಿ" ಅಂದರು. ಬಿಲ್ ಇಲ್ಲ, ಮಾತು ಮುಗಿಯಿತು. ಕಾನೂನೂ ಆಮೇಲೆ ತಿಳಿಯಿತು. ಮೋಟರ್ ಪವರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಮಾತ್ರ ರಿಜಿಸ್ಟ್ರೇಷನ್, ಲೈಸೆನ್ಸ್ ಬೇಡ. ನಮ್ಮ 350 ವ್ಯಾಟಿನ ಕಿಟ್ ಅದರೊಳಗೆ ಬರುವುದೇ ಇಲ್ಲ.

ಅಪ್ಪ ಮೊನ್ನೆ ಮತ್ತೆ ಸೈಕಲ್ ಕೇಳಿದರು. 250 ವ್ಯಾಟಿನ ಮೋಟರ್, ಬಿಲ್ ಸಮೇತ ಎಲ್‌ಎಫ್‌ಪಿ ಪ್ಯಾಕ್, ಅದರದ್ದೇ ಚಾರ್ಜರ್ ತರಿಸಿದ್ದೇನೆ. ಚಾರ್ಜಿಂಗ್ ಹಗಲು ಹೊತ್ತು, ಅಂಗಳದ ನೆರಳಲ್ಲಿ, ಮನೆಯಲ್ಲಿ ಯಾರಾದರೂ ಎಚ್ಚರ ಇದ್ದಾಗ ಮಾತ್ರ.

ನಿಮ್ಮ ಪ್ಯಾಕನ್ನೂ ಯಾರಾದರೂ "ಕಟ್ ಆಗದ ಹಾಗೆ" ಮಾಡಿಕೊಟ್ಟಿದ್ದರೆ ಇವತ್ತು ರಾತ್ರಿ ಚಾರ್ಜಿಗೆ ಹಾಕಬೇಡಿ. ಸೈಕಲ್ಲಿನಿಂದ ತೆಗೆದು ಮನೆಯ ಹೊರಗೆ, ಬಾಗಿಲಿನಿಂದ ದೂರ, ನೆರಳಿರುವ ಕಡೆ ಫರ್ಸಿ ಕಲ್ಲಿನ ಮೇಲೆ ಇಡಿ. ನಾಳೆ ಮಲ್ಟಿಮೀಟರ್ ಇರುವವರ ಹತ್ತಿರ ಚಾರ್ಜರ್ ಒಯ್ದು, ಅದು ಎಷ್ಟು ವೋಲ್ಟ್ ಕೊಡುತ್ತದೆ ಅಂತ ಮೊದಲು ನೋಡಿಸಿ.