ಅಳತೆ ಕೊಟ್ಟು ಮಾಡಿಸಿದ ಕೃತಕ ಕಣ್ಣು: ನಮ್ಮ ತಂದೆಯವರ ಅನುಭವ

ಕಣ್ಣು ತೆಗೆಸಿದ ಮೇಲೆ ನಮ್ಮ ತಂದೆಯವರಿಗೆ ಮೊದಲು ಸಿಕ್ಕಿದ್ದು ಸಿದ್ಧ ಅಳತೆಯ ಕೃತಕ ಕಣ್ಣು. ಅದು ಗುಳಿಯಲ್ಲಿ ಸರಿಯಾಗಿ ಕೂರದೆ, ಅವರು ಪಕ್ಕಕ್ಕೆ ನೋಡಿದಾಗಲೂ ನೇರಕ್ಕೇ ದಿಟ್ಟಿಸುತ್ತಿತ್ತು. ಈ ವರ್ಷ ಬೆಂಗಳೂರಿನ ಪುಟ್ಟ ಚಿಕಿತ್ಸಾಲಯವೊಂದರಲ್ಲಿ ಮಾಡಿಸಿದ ಕಣ್ಣಿನ ಬಗ್ಗೆ ಮನಸ್ಸು ತುಂಬಿ ಬರೆಯುತ್ತಿದ್ದೇನೆ.

ಆಲ್ಜಿನೇಟ್ ಎಂಬ, ಬೇಗ ಗಟ್ಟಿಯಾಗುವ ಅಚ್ಚಿನ ಪದಾರ್ಥ ತುಂಬಿ ಗುಳಿಯ ಅಚ್ಚು ತೆಗೆದ ತಂತ್ರಜ್ಞರು, ಮೇಣದ ಮಾದರಿಯನ್ನು ಹಲವು ಸಲ ತಿದ್ದಿ, ತಂದೆಯವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಅವರ ಇನ್ನೊಂದು ಕಣ್ಣನ್ನು ನೋಡಿ ನೋಡಿ ಪಾಪೆಯ ಸುತ್ತಲಿನ ಕಂದು ಬಣ್ಣವನ್ನು ಪದರ ಪದರವಾಗಿ ಬಳಿದರು. ಬಿಳಿಭಾಗದ ರಕ್ತನಾಳಗಳಿಗಾಗಿ ಕೆಂಪು ದಾರದ ನವಿರಾದ ಎಳೆಗಳನ್ನು ಕೂರಿಸಿದ್ದನ್ನು ಹತ್ತಿರದಿಂದ ಕಂಡೆ. ಆದರೆ ಚಲನೆಯ ಗುಟ್ಟಿನ ಅರ್ಧಭಾಗ ಶಸ್ತ್ರಚಿಕಿತ್ಸೆಯಲ್ಲಿದೆ: ತೆಗೆದ ಕಣ್ಣಿನ ಜಾಗದಲ್ಲಿ ಒಳಗಿಟ್ಟ ಗೋಳಕ್ಕೆ ಕಣ್ಣಿನ ಸ್ನಾಯುಗಳನ್ನು ಹೊಲಿದಿದ್ದರೆ ಅದು ಹೊರಳುತ್ತದೆ, ಕೃತಕ ಕಣ್ಣಾಗಿ ಹೊರಗೆ ಕಾಣುವ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಚಿಪ್ಪಿನ ಹಿಂಬದಿ ಗುಳಿಗೆ ಚೆನ್ನಾಗಿ ಹೊಂದಿಕೊಂಡಷ್ಟೂ ಆ ಚಲನೆ ಹೊರಗೆ ಕಾಣುತ್ತದೆ. ಈಗ ಮಾತಿನ ನಡುವೆ ತಂದೆಯವರ ಕಣ್ಣು ಸಹಜವಾಗಿ ಹೊರಳುತ್ತದೆ. ಪೂರ್ತಿ ಪಕ್ಕಕ್ಕೆ ನೋಡುವಾಗ ಮಾತ್ರ ಸ್ವಲ್ಪ ಹಿಂದುಳಿಯುತ್ತದೆ.

ಅಕ್ರಿಲಿಕ್ಕು ಗಾಜಿನಷ್ಟು ಸುಲಭವಾಗಿ ಒಡೆಯುವುದಿಲ್ಲ, ಆದರೆ ಗೀರು ಬೀಳುತ್ತದೆ. ವರ್ಷಕ್ಕೊಮ್ಮೆಯಾದರೂ ಪಾಲಿಶ್ ಮಾಡಿಸಬೇಕು, ಸುಮಾರು 5 ವರ್ಷಕ್ಕೆ ಬದಲಿಸಬೇಕಾಗಬಹುದು. ಈ ಮುಂದಿನ ಖರ್ಚನ್ನು ಅವರು ಮೊದಲ ದಿನವೇ ತಿಳಿಸಬೇಕಿತ್ತು. ನಾವು ಕೇಳಿದ ಮೇಲಷ್ಟೇ ಹೇಳಿದರು.