ಗೇಮ್ ಆಫ್ ಥ್ರೋನ್ಸ್: ಸೀರೀಸಾ, ಪುಸ್ತಕವಾ? ನನ್ನ ವೋಟು ಪುಸ್ತಕಕ್ಕೆ

ಮೊದ್ಲೇ ಹೇಳಿಬಿಡ್ತೇನೆ, ಪುಸ್ತಕದ ಸೆಟ್ಟಿಗೆ ಹಾಕಿದ ದುಡ್ಡು ಪೂರಾ ವಸೂಲಾಯ್ತು, ಸಬ್‌ಸ್ಕ್ರಿಪ್ಶನ್ ದುಡ್ಡಿನ ಬಗ್ಗೆ ಅಷ್ಟು ಧೈರ್ಯದಲ್ಲಿ ಹೇಳ್ಲಿಕ್ಕಾಗುದಿಲ್ಲ. ಟಿವಿ ಸೀರೀಸಿನ 73 ಎಪಿಸೋಡು ನೋಡಿ ಮುಗಿಸಿದ ಮೇಲೆ, ಅದಕ್ಕೆ ಮೂಲವಾದ, ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಐದೂ ಕಾದಂಬರಿ ಓದಿದವ ನಾನು. ಕಥೆ ಎಂತ, ಡ್ರ್ಯಾಗನ್ ಎಷ್ಟು ಅಂತೆಲ್ಲ ಹೇಳ್ಲಿಕ್ಕೆ ಹೋಗುದಿಲ್ಲ. ಸ್ಪಾಯ್ಲರ್ ಮಾತ್ರ ಬೇಕಾದಷ್ಟು ಉಂಟು.

ನನ್ನ ತಲೆ ತಿಂದದ್ದು ಟೈಶಾ ವಿಷಯ. ದೊಡ್ಡ ಮನೆತನದ ಕುಳ್ಳ ಮಗ ಟಿರಿಯನ್ ಸಣ್ಣ ಪ್ರಾಯದಲ್ಲಿ ಅವ್ಳನ್ನು ಮದುವೆ ಆಗಿದ್ದ, ಅವ್ಳು ದುಡ್ಡಿಗೆ ಬಂದವ್ಳು, ಅಣ್ಣ ಜೇಮಿಯೇ ಗೊತ್ತು ಮಾಡಿದ್ದು ಅಂತ ನಂಬಿಸಿ ಅಪ್ಪ ಟೈವಿನ್ ಮದುವೆ ಮುರಿಸಿದ. ಇಷ್ಟು ಸೀರೀಸಲ್ಲೂ ಉಂಟು, ಮೊದಲ ಸೀಸನ್ನಲ್ಲಿ ಟೆಂಟಲ್ಲಿ ಕುಡೀತಾ ಅವನೇ ಹೇಳ್ತಾನೆ. ಆದ್ರೆ ಮೂರನೇ ಕಾದಂಬರಿಯ ಕೊನೆಗೆ, ರಾಜ ಜಾಫ್ರಿಯ ಕೊಲೆ ಆರೋಪದಲ್ಲಿ ಒಳಗಿದ್ದ ತಮ್ಮನನ್ನು ಜೈಲಿಂದ ಬಿಡಿಸ್ಲಿಕ್ಕೆ ಬಂದ ಜೇಮಿ ಸತ್ಯ ಬಾಯಿಬಿಡ್ತಾನೆ: ಅವ್ಳು ಅಂಥವ್ಳಲ್ಲ, ನಿನ್ನನ್ನು ಇಷ್ಟಪಟ್ಟೇ ಮದುವೆ ಆದದ್ದು, ಅಪ್ಪ ಹೇಳ್ಸಿದ ಅಂತ ನಾನು ಸುಳ್ಳು ಹೇಳಿದೆ. ಅಷ್ಟು ಕೇಳಿ ಟಿರಿಯನ್ ಅಣ್ಣನಿಗೆ ಹೊಡೆದು, ನಿನ್ನ ಮಗ ಜಾಫ್ರಿಯನ್ನು ಕೊಂದದ್ದು ನಾನೇ ಅಂತ ಬೇಕಂತಲೇ ಸುಳ್ಳು ಹೇಳಿ, ಸೀದಾ ಅಪ್ಪನ ಕೋಣೆಗೆ ಹತ್ತುದು, ಅವ್ಳೆಲ್ಲಿ ಅಂತ ಕೇಳುದು, ಟೈವಿನ್ ಪುನಃ ಅದೇ ಕೆಟ್ಟ ಮಾತು ಎತ್ತುದು, ಇವ ಬಾಣ ಬಿಟ್ಟು ಅಪ್ಪನನ್ನು ಕೊಲ್ಲುದು.

ಸೀರೀಸಲ್ಲಿ? 2014ರ ನಾಲ್ಕನೇ ಸೀಸನ್ನಿನ ಲಾಸ್ಟ್ ಎಪಿಸೋಡು. ಅಣ್ಣ ತಮ್ಮ ತಬ್ಬಿಕೊಳ್ತಾರೆ, ಜೀವ ಉಳಿಸಿದ್ದಕ್ಕೆ ಥ್ಯಾಂಕ್ಸ್ ಅಂತಾನೆ, ಓಡಿ ಹೋಗ್ಲಿಕ್ಕೆ ದಾರಿ ರೆಡಿ ಉಂಟು, ಮತ್ತೆ ಇವ ಎಂತಕ್ಕೆ ಮಾರ್ರೆ ವಾಪಸ್ ತಿರುಗಿ ಅಪ್ಪನ ಕೋಣೆಗೆ ಹೋಗುದು? ಮರಣದಂಡನೆ ಕೊಟ್ಟ ಸಿಟ್ಟು ಅಂತ ನನ್ನ ತಮ್ಮ ವಾದ ಮಾಡ್ತಾನೆ. ಆಗ್ಲಿ, ಕೊಲೆಗೆ ಅದು ಸಾಕು, ಆದ್ರೆ ಆಮೇಲಿನ ಟಿರಿಯನ್‌ಗೆ ಸಾಲುದಿಲ್ಲ. ಐದನೇ ಪುಸ್ತಕದಲ್ಲಿ ಅವ ಅಣ್ಣನ ಮೇಲೂ ವಿಷ ಕಾರ್ತಾ, ಸಿಕ್ಕಿದವ್ರ ಹತ್ರ ಎಲ್ಲ ಅದೇ ಪ್ರಶ್ನೆ ಕೇಳ್ತಾ ಅಲೆಯುವ ಮನುಷ್ಯ, ಓದ್ತಾ ಓದ್ತಾ ಹೆದ್ರಿಕೆ ಆಗ್ತದೆ. ಸೀರೀಸಲ್ಲಿ ಅವ ಜೋಕ್ ಹೇಳುವ ಒಳ್ಳೆ ಮಂತ್ರಿ, ಎಂಟನೇ ಸೀಸನ್ನಲ್ಲಿ ಅದೇ ಜೇಮಿಯನ್ನು ಕಣ್ಣೀರಲ್ಲಿ ಬಿಡಿಸಿ ಕಳಿಸ್ತಾನೆ. ಒಂದು ನಿಮಿಷದ ಡೈಲಾಗು ಕಟ್ ಮಾಡಿದ್ದಕ್ಕೆ ನಾಲ್ಕು ಸೀಸನ್ ಸಪ್ಪೆ.

ತಾಳಮದ್ದಳೆಗೆ, ಅಂದ್ರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಅಭ್ಯಾಸ ಇದ್ದವ್ರಿಗೆ ನಾನು ಹೇಳುದು ಬೇಗ ಗೊತ್ತಾದೀತು. ವೇಷ ಇಲ್ಲ, ಕುಣಿತ ಇಲ್ಲ, ಕರ್ಣ ಹಾಗೆ ಎಂತಕ್ಕೆ ಮಾಡಿದ ಅಂತ ಪಾತ್ರದ ಮಾತಾಡುವ ಅರ್ಥಧಾರಿ ವಾದ ಮಾಡುದನ್ನು ಕೇಳ್ಲಿಕ್ಕೇ ನಾವು ಕೂರುದು. ಮಾರ್ಟಿನ್‌ದೂ ಹಾಗೆ, ಒಂದೊಂದು ಅಧ್ಯಾಯ ಒಬ್ಬೊಬ್ರ ತಲೆಯೊಳಗೆ.

ಸೀರೀಸ್ ಗೆದ್ದದ್ದೂ ಇಲ್ಲೇ, ತಮಾಷೆ ನೋಡಿ. ಆ ಅಧ್ಯಾಯದವ ಇಲ್ಲದ ಕೋಣೆಯೊಳಗೆ ಪುಸ್ತಕ ಹೋಗ್ಲಿಕ್ಕಾಗುದಿಲ್ಲ. ಹಾಗಾಗಿ ರಾಜ ರಾಬರ್ಟ್ ಮತ್ತು ರಾಣಿ ಸೆರ್ಸಿ ವೈನ್ ಕುಡೀತಾ ತಮ್ಮ ಹಾಳಾದ ಸಂಸಾರದ ಬಗ್ಗೆ ಮಾತಾಡುವ ಸೀನು ಸೀರೀಸಲ್ಲಿ ಮಾತ್ರ. ಹಾರನ್‌ಹಾಲ್ ಕೋಟೆಯಲ್ಲಿ ಸ್ಟಾರ್ಕ್ ಮನೆತನದ ಹುಡುಗಿ ಆರ್ಯಾ ಟೈವಿನ್‌ಗೆ ವೈನ್ ಬಡಿಸುದೂ ಸೀರೀಸಿನವ್ರೇ ಸೇರ್ಸಿದ್ದು, ಪುಸ್ತಕದಲ್ಲಿ ಅವ್ಳು ಬಡಿಸುದು ಇನ್ನೊಬ್ಬ ಪಾಳೆಗಾರ ರೂಸ್ ಬೋಲ್ಟನ್‌ಗೆ. ಹಾರ್ಡ್‌ಹೋಮ್ ಅನ್ನುವ ಊರಿನ ಸುದ್ದಿ ಪುಸ್ತಕದಲ್ಲಿ ಪತ್ರದಲ್ಲಿ ಬರ್ತದೆ, ಸೀರೀಸಲ್ಲಿ ಮೈ ಜುಂ ಅನ್ನುವ ಯುದ್ಧ.

ಸತ್ತ ಕ್ಯಾಟ್ಲಿನ್, ಆರ್ಯಾಳ ಅಮ್ಮ, ಎದ್ದು ಬಂದು ಸೇಡು ತೀರಿಸುದನ್ನು ಸೀರೀಸ್ ಪೂರಾ ಬಿಟ್ಟಿದೆ, ನನಗೆ ಬೇಜಾರು. ಆರ್ಯಾಳ ಅಕ್ಕ ಸಾನ್ಸಾಳನ್ನು ರೂಸ್ ಬೋಲ್ಟನ್ನಿನ ಕ್ರೂರಿ ಮಗ ರಾಮ್ಸೆಗೆ ಕಟ್ಟಿದ್ದೂ ಸೀರೀಸಿನವ್ರೇ, ಪುಸ್ತಕದಲ್ಲಿ ಆ ಗತಿ ಬೇರೆ ಹುಡುಗಿಗೆ. ದಕ್ಷಿಣದ ಡೋರ್ನ್ ನಾಡಿನ ಕಥೆಯನ್ನು ಸೀರೀಸ್ ಹಾಳು ಮಾಡಿದ ಬಗ್ಗೆ ಮಾತೇ ಬೇಡ.

ಪುಸ್ತಕದ ದೊಡ್ಡ ಕಷ್ಟ ಅಂದ್ರೆ ಮುಗಿದಿಲ್ಲ. ಐದನೇದು ಬಂದದ್ದು 2011ರಲ್ಲಿ, ಸೀರೀಸ್ ಶುರುವಾದದ್ದೂ ಅದೇ ವರ್ಷ. ಸೀರೀಸ್ 2019ರಲ್ಲಿ ಹೇಗೋ ಮುಗೀತು, ಆರನೇ ಪುಸ್ತಕ ಇನ್ನೂ ಇಲ್ಲ. ಕೊನೆ ಬೇಕೇ ಬೇಕು ಅನ್ನುವವ್ರಿಗೆ ಸೀರೀಸೇ ಗತಿ.

ನನಗೆ ಅದು ತೊಂದ್ರೆ ಆಗ್ಲಿಲ್ಲ. ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗುವವ ನಾನು, ಕಿಟಕಿ ಸೀಟು ಸಿಕ್ಕಿದ್ರೆ ಸುರತ್ಕಲ್ ಬರುವಷ್ಟರಲ್ಲಿ ಎರಡು ಅಧ್ಯಾಯ ಆಗ್ತದೆ. ಮನೇಲಿ ಮಳೆಗಾಲ ಬಂತಂದ್ರೆ ಕರೆಂಟ್ ಇಲ್ಲ, ವೈಫೈ ಇಲ್ಲ, ಸಬ್‌ಸ್ಕ್ರಿಪ್ಶನ್ ಮಾತ್ರ ಓಡ್ತಾ ಇರ್ತದೆ. ಸೆಟ್ಟಿಗೆ ಒಮ್ಮೆ ಕೊಟ್ರೆ ಮುಗೀತು, ಈಗ ತಮ್ಮನೂ ಓದ್ತಾ ಇದ್ದಾನೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವ್ರು ಒಂದು ನೋಡ್ಕೊಳ್ಳಿ, ನಮ್ಮಲ್ಲಿ ಸಿಗುವ ಪೇಪರ್‌ಬ್ಯಾಕ್ ಸೆಟ್ಟಲ್ಲಿ ಮೂರನೇದು ಮತ್ತು ಐದನೇದು ಎರಡೆರಡು ಭಾಗ, ಒಟ್ಟು ಏಳು ಪುಸ್ತಕ. ಮೂರನೇದ್ರ ಎರಡನೇ ಭಾಗ 'ಬ್ಲಡ್ ಆ್ಯಂಡ್ ಗೋಲ್ಡ್' ಉಂಟಾ ಅಂತ ನೋಡಿಯೇ ದುಡ್ಡು ಕೊಡಿ, ಜೇಮಿ ಬಾಯಿ ಬಿಡುದು ಅದ್ರಲ್ಲೇ.