ಡೆಮೊ ಟೇಪ್ ಬೇಟೆ: ಮೆಟಲ್ ಆರ್ಕೈವ್ಸ್, ಡಿಸ್ಕಾಗ್ಸ್, ಸೋಲ್‌ಸೀಕ್ ಎಲ್ಲಿಯವರೆಗೆ ಕೈಹಿಡಿಯುತ್ತವೆ?

1980ರ ದಶಕದ ಮೆಟಲ್ ಬ್ಯಾಂಡುಗಳು ಮಾದರಿಗೆಂದು ಮುದ್ರಿಸಿದ ಡೆಮೊಗಳಲ್ಲಿ ಬಹುಪಾಲು ಅಂಗಡಿಯ ಮುಖ ಕಂಡವಲ್ಲ. ಬ್ಯಾಂಡಿನವರೇ ಕ್ಯಾಸೆಟ್‌ಗೆ ನಕಲು ಮಾಡಿ, ಜೆರಾಕ್ಸ್ ಕವರ್ ಮಡಿಸಿಟ್ಟು, ಅಂಚೆಯಲ್ಲಿ ಕಳಿಸಿದವು ಅವು. ಆದ್ದರಿಂದ ಹುಡುಕಾಟದಲ್ಲಿ ಎರಡು ಕೆಲಸವಿದೆ. ಇಂಥದ್ದೊಂದು ಇತ್ತೇ ಎಂದು ಪತ್ತೆಹಚ್ಚುವುದು ಮೊದಲನೆಯದು, ಕೈಗೆ ಸಿಕ್ಕಿದ್ದು ಅದೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳುವುದು ಎರಡನೆಯದು. ಮೊದಲ ಕೆಲಸಕ್ಕೆ ಮೆಟಲ್ ಬ್ಯಾಂಡುಗಳ ದಾಖಲೆ ತಾಣ ಮೆಟಲ್ ಆರ್ಕೈವ್ಸ್‌ಗೆ ಸಾಟಿಯಿಲ್ಲ. ಎರಡನೆಯದಕ್ಕೆ ಧ್ವನಿಮುದ್ರಿಕೆಗಳ ಪಟ್ಟಿ, ಮಾರಾಟ ಎರಡೂ ಇರುವ ತಾಣ ಡಿಸ್ಕಾಗ್ಸ್ ಅರ್ಧ ದಾರಿ ಜೊತೆ ಬರುತ್ತದೆ. ಬಳಕೆದಾರರು ತಮ್ಮತಮ್ಮಲ್ಲೇ ಫೈಲು ಹಂಚಿಕೊಳ್ಳುವ ಸೋಲ್‌ಸೀಕ್‌ನಲ್ಲಿ ಹಾಡು ಕೇಳಲು ಸಿಗುತ್ತದೆ, ಆದರೆ ಕೇಳುತ್ತಿರುವುದು ಎಷ್ಟನೇ ನಕಲು ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ.

ಮೆಟಲ್ ಆರ್ಕೈವ್ಸ್ 2002ರಲ್ಲಿ ಕೆನಡಾದಲ್ಲಿ ಶುರುವಾಯಿತು. ಅಲ್ಲಿ ಹಾಡೂ ಇಲ್ಲ, ಮಾರಾಟವೂ ಇಲ್ಲ, ಬರೀ ದಾಖಲೆ. ಮುಖಪುಟದ ಚಿಕ್ಕ ಹುಡುಕು ಪೆಟ್ಟಿಗೆಯಲ್ಲಿ ಬ್ಯಾಂಡಿನ ಹೆಸರು ಹಾಕಿ ಸಾಲದೆಂದು ಹಿಂದಿರುಗುವವರೇ ಹೆಚ್ಚು. ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಆಲ್ಬಮ್ ವಿಭಾಗಕ್ಕೆ ಹೋಗಿ. ಬಿಡುಗಡೆಯ ಬಗೆಯಲ್ಲಿ ಡೆಮೊ ಆರಿಸಿ, ದೇಶ ಹಾಕಿ, ವರ್ಷ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಕೊಡಿ. ಬ್ಯಾಂಡಿನ ಹೆಸರು ಗೊತ್ತೇ ಇಲ್ಲದಿದ್ದರೂ ಒಂದು ದೇಶದ ಐದು ವರ್ಷಗಳ ಡೆಮೊ ಪಟ್ಟಿ ಎದುರಿಗೆ ಬರುತ್ತದೆ. ಭಾರತ ಎಂದು ಹಾಕಿ 2000ಕ್ಕೆ ಮಿತಿ ಇಟ್ಟರೆ ಪಟ್ಟಿ ಚಿಕ್ಕದು. ಬೆಂಗಳೂರಿನ ಮೆಟಲ್ ಬ್ಯಾಂಡ್ ಡೈಯಿಂಗ್ ಎಂಬ್ರೇಸ್ ಕಾಲದ ಬ್ಯಾಂಡುಗಳ ಬೆನ್ನುಹತ್ತುವವರು ಶುರು ಮಾಡಬೇಕಾದ್ದು ಅಲ್ಲಿಂದಲೇ.

ಹೆಸರುಗಳ ಗೊಂದಲವನ್ನು ಈ ತಾಣ ನಿಭಾಯಿಸುವ ರೀತಿಯೇ ಅದರ ದೊಡ್ಡ ಬಲ. ಮಾರ್ಬಿಡ್ ಎಂದು ಹುಡುಕಿದರೆ ಬೇರೆ ಬೇರೆ ದೇಶಗಳ ಅದೇ ಹೆಸರಿನ ಬ್ಯಾಂಡುಗಳು ಸಾಲಾಗಿ ನಿಲ್ಲುತ್ತವೆ. 1987ರ 'ಡಿಸೆಂಬರ್ ಮೂನ್' ಡೆಮೊದವರು ಸ್ಟಾಕ್‌ಹೋಮ್‌ನವರು ಎಂಬುದು ದೇಶ, ಊರು ನೋಡಿದರೆ ತಕ್ಷಣ ಬೇರ್ಪಡುತ್ತದೆ. ಇನ್ನೊಂದು ಕಡೆ, ಹೆಸರು ಬದಲಿಸಿದ ಬ್ಯಾಂಡುಗಳು: 1984ರ 'ಡೆತ್ ಬೈ ಮೆಟಲ್' ಡೆತ್ ಬ್ಯಾಂಡಿನದು ಎಂದೇ ಜನ ಹುಡುಕುತ್ತಾರೆ, ಅದು ಬಂದದ್ದು ಮಾಂಟಾಸ್ ಹೆಸರಿನಲ್ಲಿ. ನಿಹಿಲಿಸ್ಟ್ ಮುಂದೆ ಎಂಟೂಮ್ಡ್ ಆಯಿತು. ಪುಟದಲ್ಲಿ ಹಳೆಯ ಹೆಸರಿನ ಕೊಂಡಿ ಇದ್ದರೆ ಮೊದಲು ಅದನ್ನೇ ಒತ್ತಿ. ಕಳೆದುಹೋಗಿದೆ ಎಂದುಕೊಂಡ ಡೆಮೊ ಎಷ್ಟೋ ಸಲ ಹಳೆಯ ಹೆಸರಿನಡಿ ಸುಮ್ಮನೆ ಕೂತಿರುತ್ತದೆ.

ಕೊರತೆಯೂ ಇದೆ. ಮಾಹಿತಿ ತುಂಬುವವರು ಅಭಿಮಾನಿಗಳೇ. ಒಂದು ಡೆಮೊದ ಹೆಸರು, ವರ್ಷ ಮಾತ್ರ ಇದ್ದು ಹಾಡಿನ ಅವಧಿ, ಕವರ್ ಚಿತ್ರ ಎರಡೂ ಇಲ್ಲದಿದ್ದರೆ ಆ ನಮೂದನ್ನು ಸಂಶಯದಿಂದಲೇ ನೋಡಿ. ಟೇಪನ್ನು ಕಣ್ಣಾರೆ ಕಂಡವರು ಸಾಮಾನ್ಯವಾಗಿ ಎ ಬದಿ, ಬಿ ಬದಿ ಬೇರೆ ಮಾಡಿ ಅವಧಿ ಬರೆದಿರುತ್ತಾರೆ. ಜೊತೆಗೆ, ಮೆಟಲ್ ಅಲ್ಲವೆಂದು ತಾಣದವರಿಗೆ ಕಂಡ ಬ್ಯಾಂಡಿಗೆ ಅಲ್ಲಿ ಜಾಗವಿಲ್ಲ. ಹಾರ್ಡ್‌ಕೋರ್ ಪಂಕ್ ಕಡೆ ವಾಲಿದ ಕ್ರಾಸ್‌ಓವರ್ (ಮೆಟಲ್, ಪಂಕ್ ಬೆರೆತ) ತಂಡಗಳು ಹೀಗೆ ತಪ್ಪಿಹೋಗುತ್ತವೆ.

2000ದಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆಂದು ಹುಟ್ಟಿದ ಡಿಸ್ಕಾಗ್ಸ್ ಈಗ ಎಲ್ಲ ಬಗೆಯ ಸಂಗೀತಕ್ಕೂ ಸಂತೆ. ಡೆಮೊ ಹುಡುಕುವವರಿಗೆ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಮೂರು. ಒಂದು, ಒಂದೇ ಡೆಮೊದ ಆವೃತ್ತಿಗಳೆಲ್ಲ ಒಂದೆಡೆ ಸಿಗುತ್ತವೆ, ಮೂಲ ಕ್ಯಾಸೆಟ್ ಯಾವುದು, ಆಮೇಲಿನ ಮರುಬಿಡುಗಡೆ ಯಾವುದು ಎಂದು ಚಿತ್ರ ಹೋಲಿಸಿ ನೋಡಬಹುದು. ಎರಡು, ಹಿಂದೆ ಎಷ್ಟಕ್ಕೆ ಮಾರಾಟವಾಯಿತು ಎಂಬ ಲೆಕ್ಕ. ಮೂರು, ವಾಂಟ್‌ಲಿಸ್ಟ್: ಬೇಕಾದ್ದನ್ನು ಸೇರಿಸಿಟ್ಟರೆ ಮಾರಾಟಕ್ಕೆ ಬಂದಾಗ ಇಮೇಲ್ ಬರುತ್ತದೆ. ಅಪರೂಪದ ಡೆಮೊಗೆ ಮಾರಾಟದ ಚರಿತ್ರೆ ಒಂದೆರಡು ಸಲದ್ದೇ ಇರುತ್ತದೆ, ಅದರ ಮೇಲೆ ತೆಗೆದ ಮಧ್ಯಮ ಬೆಲೆಗೆ ಅರ್ಥವಿಲ್ಲ. ವರ್ಷಗಳ ಹಿಂದೆ ಯಾರೋ ಒಬ್ಬರು ಹಟಕ್ಕೆ ಬಿದ್ದು ಕೊಟ್ಟ ಬೆಲೆಯನ್ನೇ ಮಾರುಕಟ್ಟೆ ದರವೆಂದು ಮಾರುವವರು ತೋರಿಸುತ್ತಾರೆ, ನಂಬಬೇಡಿ.

ಡಿಸ್ಕಾಗ್ಸ್ ಕೈಕೊಡುವುದು ಗ್ರೇಡಿಂಗ್‌ನಲ್ಲಿ, ಅಂದರೆ ವಸ್ತುವಿನ ಸ್ಥಿತಿಗೆ ದರ್ಜೆ ಕೊಡುವುದರಲ್ಲಿ. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್ ಎಂಬ ಶ್ರೇಣಿ ಎಲ್‌ಪಿ ತಟ್ಟೆಗೆಂದು ಹುಟ್ಟಿದ್ದು. ತಟ್ಟೆಯ ಗೀರು ಬೆಳಕಿಗೆ ಹಿಡಿದರೆ ಕಾಣುತ್ತದೆ, ಟೇಪಿನ ಸೊರಗು ಕಣ್ಣಿಗೆ ಕಾಣುವುದಿಲ್ಲ. ಹೊಳೆಯುವ ಡಬ್ಬಿಯೊಳಗೆ ಮೇಲ್ಸ್ಥಾಯಿ ಪೂರಾ ಸತ್ತ ಟೇಪ್ ಇರಬಹುದು. ಹಣ ಕೊಡುವ ಮುಂಚೆ ಮಾರುವವರಿಗೆ ಹೀಗೆ ಕೇಳಿ: ಎರಡೂ ಬದಿ ನುಡಿಸಿ ನೋಡಿದ್ದೀರಾ? ಕ್ಯಾಸೆಟ್ ಯಾವ ಕಂಪನಿಯದು, ಟೇಪು ಟೈಪ್ 1ಓ (ಸಾಧಾರಣ ಫೆರಿಕ್) ಟೈಪ್ 2ಓ (ಕ್ರೋಮ್)? ಕವರ್ ಅಚ್ಚಾದದ್ದೋ ಜೆರಾಕ್ಸೋ? ಒತ್ತುಪ್ಯಾಡ್ (ಸದ್ದು ಓದುವ ಹೆಡ್ಡಿಗೆ ಟೇಪನ್ನು ಒತ್ತಿಹಿಡಿಯುವ ಮೆತ್ತೆ) ಇದೆಯೇ? ಟೇಪಿನ ಸುರುಳಿ ಕಿಟಕಿಯಲ್ಲಿ ಕಾಣುವಂತೆ ಒಂದು ಫೋಟೊ ಕೂಡ ತರಿಸಿಕೊಳ್ಳಿ. ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಬೂಷ್ಟು. ಕ್ಯಾಸೆಟ್ಟಿನ ಮಾದರಿಯೇ ಡೆಮೊ ಬಂದ ವರ್ಷಕ್ಕಿಂತ ಈಚಿನದಾಗಿದ್ದು, ಟೇಪನ್ನು ಬೇರೆ ಡಬ್ಬಿಗೆ ವರ್ಗಾಯಿಸಿಲ್ಲದಿದ್ದರೆ ಅದು ಮೂಲ ಪ್ರತಿಯಲ್ಲ, ವಾದ ಬೇಕಿಲ್ಲ. ಜೆರಾಕ್ಸ್ ಕವರಿನಲ್ಲಿ ಸಣ್ಣ ಅಕ್ಷರಗಳ ಹೊಟ್ಟೆ ಮುಚ್ಚಿಹೋಗಿ, ಬೂದು ಬಣ್ಣವೆಲ್ಲ ಕಪ್ಪಾಗಿದ್ದರೆ ಅದು ಜೆರಾಕ್ಸಿನ ಜೆರಾಕ್ಸ್.

ಭಾರತಕ್ಕೆ ತರಿಸುವವರು ಇನ್ನೊಂದು ಲೆಕ್ಕ ಮೊದಲೇ ಮಾಡಿಕೊಳ್ಳಬೇಕು: ಸುಂಕವನ್ನು ವಸ್ತುವಿನ ಬೆಲೆಗೆ ಅಂಚೆ ಖರ್ಚನ್ನೂ ಸೇರಿಸಿ ಹಾಕುತ್ತಾರೆ. ಟ್ರ್ಯಾಕಿಂಗ್ ಇಲ್ಲದ ಅಗ್ಗದ ಅಂಚೆಯನ್ನು ಮಾತ್ರ ಒಪ್ಪಲೇಬೇಡಿ.

ಟೇಪ್ ಬಂದ ಕೂಡಲೇ ಡೆಕ್ಕಿಗೆ ತುರುಕುವುದು ಬೇಡ. ಬೂಷ್ಟಿದ್ದರೆ ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ಇದು ಮಾಮೂಲು. ಹಳೆಯ ಅಂಟು ಒಣಗಿ ಒತ್ತುಪ್ಯಾಡ್ ಉದುರಿದ್ದರೆ ಸದ್ದು ಬಂದು ಹೋಗಿ ಮಾಡುತ್ತದೆ. ಟೇಪನ್ನು ಐದು ಸ್ಕ್ರೂಗಳ ಬೇರೆ ಕ್ಯಾಸೆಟ್ ಡಬ್ಬಿಗೆ ವರ್ಗಾಯಿಸಿದರೆ ಸರಿಹೋಗುತ್ತದೆ. ತುಂಡಾದ ಟೇಪಿಗೆ ಸೆಲ್ಲೋಟೇಪ್ ಹಾಕಬೇಡಿ, ಅಂಟು ಜಿನುಗಿ ಪಕ್ಕದ ಸುತ್ತನ್ನೂ ಹಿಡಿಯುತ್ತದೆ. ಕ್ಯಾಸೆಟ್ಟಿಗೆಂದೇ ಸಿಗುವ ಸ್ಪ್ಲೈಸಿಂಗ್ ಟೇಪ್ ಬಳಸಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಆ ಟೇಪಿಗೆ ತಕ್ಕಂತೆ ಹೆಡ್ಡಿನ ಓರೆ ಸರಿಪಡಿಸುವ ಅಜಿಮುತ್ ಸ್ಕ್ರೂ ತಿರುಗಿಸಿ, ಡ್ರಮ್ಮಿನ ಸಿಂಬಲ್ ತಟ್ಟೆಯ ಸದ್ದು ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಿ, ಆಮೇಲೆ ಕಂಪ್ಯೂಟರಿಗೆ 24 ಬಿಟ್‌ನಲ್ಲಿ ಮುದ್ರಿಸಿಕೊಳ್ಳಿ.

ಸೋಲ್‌ಸೀಕ್ ಕೊನೆಯ ಬಾಗಿಲು. ಬ್ಯಾಂಡ್ ತನ್ನ ಹಳೆಯ ಡೆಮೊವನ್ನು ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲೋ ಎಲ್‌ಪಿಯಲ್ಲೋ ಮತ್ತೆ ಹೊರತಂದಿದ್ದರೆ ಅದನ್ನೇ ಕೊಳ್ಳಿ, ಹಕ್ಕು ಅವರದು. ಎಲ್ಲೂ ಇಲ್ಲದ್ದಕ್ಕೆ ಮಾತ್ರ ಇಲ್ಲಿಗೆ ಬನ್ನಿ. ಹುಡುಕಾಟ ಫೋಲ್ಡರ್, ಫೈಲುಗಳ ಹೆಸರಿನ ಮೇಲೆ ನಡೆಯುವುದರಿಂದ ಬ್ಯಾಂಡಿನ ಹೆಸರಿಗಿಂತ ಹಾಡಿನ ಹೆಸರಿನ ಎರಡು ಅಪರೂಪದ ಪದ ಹಾಕುವುದು ಮೇಲು. ಬೇಡದ ಪದದ ಮೊದಲ ಅಕ್ಷರಕ್ಕೂ ಮುಂಚೆ ಮೈನಸ್ ಚಿಹ್ನೆ ಇಟ್ಟರೆ ಅದು ಬಿಟ್ಟುಹೋಗುತ್ತದೆ. ವಿಶ್‌ಲಿಸ್ಟ್‌ಗೆ ಸೇರಿಸಿದ್ದನ್ನು ತಂತ್ರಾಂಶವೇ ಆಗಾಗ ಹುಡುಕುತ್ತಿರುತ್ತದೆ.

ಸಿಕ್ಕ ಫೈಲಿನ ಹೆಸರಿನಲ್ಲಿ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲು) ಎಂದಿದ್ದರೆ ಸಾಲದು, ಯಾವ ಸ್ಥಾಯಿಯಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ ಸ್ಪೆಕ್ಟ್ರೋಗ್ರಾಮ್ ನೋಡಿ. ಕಡಿಮೆ ಗುಣಮಟ್ಟದ ಎಂಪಿ3ಯನ್ನು ಫ್ಲ್ಯಾಕ್ ಆಗಿಸಿದ್ದರೆ 16 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಗೋಡೆ ಕಟ್ಟಿದಂತೆ ಎಲ್ಲವೂ ನಿಂತಿರುತ್ತದೆ. ಕ್ಯಾಸೆಟ್ಟಿನಲ್ಲೂ ಮೇಲ್ಸ್ಥಾಯಿ ಕಡಿಮೆಯೇ, ಆದರೆ ಅಲ್ಲಿ ಸದ್ದು ಇಳಿಜಾರಾಗಿ ಕರಗುತ್ತದೆ, ಟೇಪಿನ ಹಿಸ್ ಇನ್ನೂ ಮೇಲಕ್ಕೆ ಹೋಗಿರುತ್ತದೆ. ಈ ಎರಡನ್ನು ಗೊಂದಲ ಮಾಡಿಕೊಂಡು ಒಳ್ಳೆಯ ಪ್ರತಿಯನ್ನು ಅಳಿಸಿಹಾಕುವವರಿದ್ದಾರೆ.

ವೇಗ ಇನ್ನೊಂದು ತಲೆನೋವು. ಡೆಕ್ಕಿನಿಂದ ಡೆಕ್ಕಿಗೆ ದಾಟುತ್ತ ಡೆಮೊ ಅರ್ಧ ಸ್ವರ ಮೇಲಕ್ಕೋ ಕೆಳಕ್ಕೋ ಸರಿದಿರುತ್ತದೆ. ಗಿಟಾರಿನ ಶ್ರುತಿ ನೋಡಿ ತೀರ್ಮಾನಿಸಲಾಗದು, ಈ ಬ್ಯಾಂಡುಗಳು ತಂತಿ ಇಳಿಸಿಯೇ ನುಡಿಸುತ್ತಿದ್ದವು. ಹಾಡುಗಳ ನಡುವಿನ ಮೌನದಲ್ಲಿ ವಿದ್ಯುತ್ತಿನ ಗುಂಯ್‌ಗುಡುವಿಕೆ ಅಳೆಯಿರಿ: ಯುರೋಪಿನಲ್ಲಿ 50 ಹರ್ಟ್ಸ್, ಅಮೆರಿಕದಲ್ಲೂ ಬ್ರೆಜಿಲ್‌ನಲ್ಲೂ 60, ಜಪಾನಿನಲ್ಲಿ ಟೋಕಿಯೊ ಕಡೆ 50, ಒಸಾಕಾ ಕಡೆ 60. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ 65536 ಗಾತ್ರ ಆರಿಸಿ. ಇದಕ್ಕೆ ಕನಿಷ್ಠ ಒಂದೂವರೆ ಸೆಕೆಂಡ್ ಮೌನ ಬೇಕು. ಸ್ವೀಡನ್ನಿನ ಡೆಮೊದಲ್ಲಿ 51.5 ಕಂಡರೆ ಫೈಲು ಶೇ 3 ವೇಗವಾಗಿದೆ, ವೇಗವನ್ನು 0.971ರಿಂದ ಗುಣಿಸಿ. ಕರಾರುವಾಕ್ಕಾಗಿ 50 ಒಂದು, 51.5 ಇನ್ನೊಂದು, ಹೀಗೆ ಎರಡು ಗೆರೆ ಕಂಡರೆ 50ರದ್ದು ಕಂಪ್ಯೂಟರಿಗೆ ಹತ್ತಿಸುವಾಗ ಸೇರಿದ್ದಿರಬಹುದು, ಲೆಕ್ಕಕ್ಕೆ ಇನ್ನೊಂದನ್ನು ಹಿಡಿಯಿರಿ. ಸರಿಪಡಿಸಿದ್ದನ್ನು ಬೇರೆಯವರಿಗೆ ಕೊಡುವಾಗ ತಿದ್ದದ ಫೈಲನ್ನೂ ಅದೇ ಫೋಲ್ಡರಿನಲ್ಲಿಟ್ಟು, ವೇಗ ಎಷ್ಟು ಬದಲಿಸಿದ್ದೀರಿ ಎಂದು ಬರೆದಿಡಿ.